ತ್ರಿಸೂತ್ರ ಮೀಮಾಂಸೆ

ಸಂಸ್ಕೃತದಲ್ಲಿ ಸೂತ್ರವೆಂದರೆ ದಾರವೂ ಹೌದು, ಶಾಸ್ತ್ರವಾಕ್ಯವೂ ಹೌದು. ಆದ್ದರಿಂದ ಮಡಿಲಲ್ಲಿ ದಾರದುಂಡೆ ಇಟ್ಟುಕೊಂಡವಳೇ ನಿಜವಾದ ಸೂತ್ರಕಾರಳು, ಮಿಕ್ಕವರೆಲ್ಲ ಬರೀ ಭಾಷ್ಯಕಾರರು ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಅಧ್ಯಯನದ ಕ್ಷೇತ್ರ: ಧಾರವಾಡದ ಒಂದು ಬಾಡಿಗೆ ಮನೆಯ ಪಡಸಾಲೆ. ಅಧ್ಯಯನಕ್ಕೊಳಗಾದ ಜೀವಿ: ನಾನೇ.

ದರ್ಶನಗಳು ಮೂರು. ಸ್ವೆಟರ್ ಹೆಣಿಗೆ ದ್ವೈತ. ಕಡ್ಡಿಗಳು ಎರಡು, ಭೇದ ನಿತ್ಯ. ಸಾಲು ಮುಗಿದಾಗ ಎಡಗೈಯ ಕಡ್ಡಿ ಬಲಗೈಗೆ ಬರುತ್ತದಲ್ಲ, ಭೇದವೆಲ್ಲಿ ಎಂದು ಆಕ್ಷೇಪಿಸುವವರು ಒಂದು ಕಡ್ಡಿ ಕಳೆದುಕೊಂಡು ನೋಡಲಿ. ಇಲ್ಲಿ ಸಾಲಿನ ಕುಣಿಕೆಗಳೆಲ್ಲ ಒಟ್ಟಿಗೇ ಕಡ್ಡಿಯ ಮೇಲೆ ಜೀವ ಹಿಡಿದು ಕೂತಿರುತ್ತವೆ. ಒಂದು ಜಾರಿತೋ, ಏಣಿ ಇಳಿದಂತೆ ತಳದವರೆಗೂ ಅಧಃಪತನ.

ಕ್ರೋಶಾ ಅದ್ವೈತ. ಕೊಕ್ಕೆ ಒಂದೇ, ಹೊಲಿಗೆ ಮುಗಿದಾಗ ಅದರ ಮೇಲೆ ಉಳಿಯುವ ಕುಣಿಕೆಯೂ ಒಂದೇ. ತೋರಣ, ಟಿವಿಯ ಹೊದಿಕೆ, ಕೂಸಿನ ಕುಲಾವಿ ಎಂಬ ನಾಮರೂಪಗಳೆಲ್ಲ ಮಾಯೆ. ಕೊನೆಯ ಗಂಟು ಬೀಳುವ ಮುಂಚೆ ತುದಿ ಹಿಡಿದು ಎಳೆದರೆ ಉಳಿಯುವುದು ಒಂದೇ ನೂಲು. ಈ ಸತ್ಯವನ್ನು ನಮ್ಮ ಮನೆಯ ಬೆಕ್ಕು ಗುರುವಿಲ್ಲದೆ ಸಾಕ್ಷಾತ್ಕರಿಸಿಕೊಂಡಿದೆ.

ಕೌದಿ ವಿಶಿಷ್ಟಾದ್ವೈತ. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಹುಡುಗರ ಶರ್ಟು ತಂತಮ್ಮ ಗುರುತು ಬಿಡದೆ ಒಂದೇ ಶರೀರದ ಅಂಗಗಳಾಗುತ್ತವೆ. ಈ ಮತದ ಆಚಾರ್ಯರನ್ನು ಮಠಗಳಲ್ಲಿ ಹುಡುಕಬಾರದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯಾದ ಕವಂದಿಯನ್ನು ಅಂಚಿನಿಂದ ಹಿಡಿದು, ತೇಪೆ ಸೇರಿಸುತ್ತ, ಸುತ್ತು ಬರುತ್ತ ನಡುವಿಗೆ ಮುಟ್ಟಿಸುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ‘ಫೂಲ’ ಬೀಳಬೇಕು. ಇಲ್ಲವಾದರೆ ಕವಂದಿ ಬೆತ್ತಲೆ ಎಂಬುದು ಅವರ ಮತ. ಗ್ರಾಫ್ ಹಾಳೆ, ಅಳತೆಪಟ್ಟಿ ಹಿಡಿದು ನಡುವಿನಿಂದ ಹೊರಟ ನನ್ನ ಕೌದಿಗಳು ಈವರೆಗೆ ಎರಡೂ ಪತಂಗದ ಆಕಾರ ತಾಳಿವೆ.

ಪ್ರಮಾಣವಿಚಾರ ಚಿಕ್ಕದು. ಹೊಗೆಯಿದ್ದಲ್ಲಿ ಬೆಂಕಿ ಎಂಬಂತೆ, ಸೋಫಾದಿಂದ ಯಜಮಾನರ ಚೀರಾಟ ಕೇಳಿದಲ್ಲಿ ಕಳೆದ ಕಡ್ಡಿ ಇದೆ. ಇದು ಅನುಮಾನ ಪ್ರಮಾಣ. ಅವರು ಎದ್ದು ನಿಂತ ಮೇಲೆ ಸಿಗುವುದು ಪ್ರತ್ಯಕ್ಷ.

ಇನ್ನು ಪೂರ್ವಪಕ್ಷ. ಎದುರು ಮನೆಯವರು ಗೇಟಿನಿಂದಲೇ ಎತ್ತುವ ಮೊದಲ ಆಕ್ಷೇಪ: “ಖಾಲಿ ಕುಂತೀರೇನ್ರೀ ಅಕ್ಕಾರ?” ಎರಡನೆಯದು ಒಳಗೆ ಬಂದು, ಚಹಾ ಕುಡಿದು, ನನ್ನ ಕ್ರೋಶಾ ಶಾಲನ್ನು ಮುಟ್ಟಿ ನೋಡಿದ ಮೇಲೆ: “ಇಂಥಾದ್ದು ಸಂತ್ಯಾಗ ಮುನ್ನೂರಕ್ಕ ಸಿಗತೈತಲ್ರೀ!”

ಸಿದ್ಧಾಂತ ಹೀಗಿದೆ. ಹೆಣಿಗೆಗೆ ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಯಂತ್ರ ಕಟ್ಟಿದ. ಆದರೆ ಅಂಗಡಿಗೆ ಬರುವ ಅಸಲಿ ಕ್ರೋಶಾ ಇಂದಿಗೂ ಕೈಯಿಂದಲೇ ಆಗುತ್ತದೆ. ಅಂದಮೇಲೆ ಸಂತೆಯ ಆ ಶಾಲು ಅಸಲಿಯಾಗಿದ್ದರೆ, ಮುನ್ನೂರರಲ್ಲಿ ನೂಲಿನ ದರ, ಲಾರಿಯ ಬಾಡಿಗೆ, ಅಂಗಡಿಯವನ ಲಾಭ ಕಳೆದು, ಎಲ್ಲೋ ಒಬ್ಬಳು ನನ್ನ ಹಾಗೆಯೇ ‘ಖಾಲಿ’ ಕೂತಿದ್ದಕ್ಕೆ ಎಷ್ಟು ಉಳಿಯಿತು? ಈ ಲೆಕ್ಕ ಕೇಳಿದಾಗ ಪೂರ್ವಪಕ್ಷದವರು ಕುಕ್ಕರ್ ಕೂಗಿತೆಂದು ಎದ್ದು ಹೋದರು. ನನಗಂತೂ ಸೀಟಿ ಕೇಳಿಸಲಿಲ್ಲ.

ಓದುಗರಲ್ಲಿ ವಿನಂತಿ: ಟ್ರಂಕಿನ ತಳದಲ್ಲಿ ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಗಳಿದ್ದರೆ ಮುಂದಿನ ಕೌದಿಗಾಗಿ ದಯವಿಟ್ಟು ಕೊಟ್ಟು ಕಳಿಸಿ. ಟೆರಿಕಾಟ್ ಬೇಡ, ಅದು ಬೆವರು ಹೀರುವುದಿಲ್ಲ.