ಗುಂಡಿಗೆ ಬಡ್ತಿ

ನಮ್ಮ ಬೀದಿಯ ತಿರುವಿನಲ್ಲಿ ಒಂದು ಗುಂಡಿ ಇದೆ. ಎರಡು ಬಾಂಡ್ಲಿ ಜಲ್ಲಿ, ಒಂದಿಷ್ಟು ಡಾಂಬರು ಸುರಿದರೆ ಮುಚ್ಚಿಹೋಗುವಂಥದ್ದು. ನಾನೇ ದೂರು ಕೊಟ್ಟು ಕೆಲಸ ಕೆಡಿಸಿದೆ. ಕೊಟ್ಟ ದಿನ ಅದು 'ಗುಂಡಿ'. ತಿಂಗಳ ಮೇಲೆ ಬಂದ ಉತ್ತರದಲ್ಲಿ 'ಸಮಸ್ಯೆ'. ಅದರ ಮುಂದಿನ ಪತ್ರದಲ್ಲಿ 'ಮೂಲಸೌಕರ್ಯದ ಸವಾಲು'. ಕಚೇರಿಗಳಲ್ಲಿ ಇಷ್ಟು ಬೇಗ ಬಡ್ತಿ ಪಡೆದವರನ್ನು ನಾನು ಕಂಡಿಲ್ಲ. ಗುಂಡಿಯನ್ನು ಮುಚ್ಚಿದರೆ ಸಾಕು. ಸವಾಲಿಗೆ ಸಮಿತಿ ಬೇಕು, ಸಮಿತಿಗೆ ಗೋಡಂಬಿ ಬೇಕು.

ಅರಬ್ಬಿಯಿಂದ ಬಂದ 'ಸವಾಲು' ಮೂಲದಲ್ಲಿ ಬರೀ ಪ್ರಶ್ನೆ. ಅದರ ಜೊತೆಗಾರ 'ಜವಾಬು'. ಜವಾಬು ಹೊತ್ತವನೇ ಜವಾಬ್ದಾರ. ನಮ್ಮ ಕಚೇರಿಯವರು ಸವಾಲನ್ನು ಉಳಿಸಿಕೊಂಡು ಜವಾಬನ್ನು ಎತ್ತಂಗಡಿ ಮಾಡಿಸಿದ್ದಾರೆ.

ವ್ಯಾಕರಣವೂ ಅವರ ಕಡೆಗೇ. ಶಾಲೆಯಲ್ಲಿ 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂದು ಉರು ಹೊಡೆದಾಗ ಕೊಂದವರು ಯಾರೆಂದಾದರೂ ತಿಳಿಯುತ್ತಿತ್ತು. ಕಚೇರಿಯ ಪತ್ರದಲ್ಲೋ, 'ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ಯಾರಿಂದ? ತೃತೀಯಾ ವಿಭಕ್ತಿ ರಜೆಯ ಮೇಲಿದೆ.

ಪಂಕ್ಚರ್ ಅಂಗಡಿಯ ಹುಡುಗನಿಗೆ ಈ ವಿದ್ಯೆ ಒಲಿದಿಲ್ಲ. 'ವಾಲ್ ಹೋಗಿದೆ ಸಾರ್, ಹತ್ತು ನಿಮಿಷ, ಮೂವತ್ತು ರೂಪಾಯಿ' ಎನ್ನುತ್ತಾನೆ. ಪಾಪ, ಅವನಿಗೆ ನಿವೃತ್ತಿ ವೇತನವೂ ಇಲ್ಲ.

ವಿಳಂಬಕ್ಕೆ ಬೆಲೆ ಕಟ್ಟಿದ್ದೂ ಉಂಟು. 2011ರ ಸಕಾಲ ಕಾಯ್ದೆಯಡಿ ಹೇಳಿದ ದಿನಕ್ಕೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಲೆಕ್ಕ ಹಾಕಿ ನೋಡಿ: ಇಪ್ಪತ್ತೈದು ದಿನ ದಾಟಿದರೆ ಆಮೇಲಿನ ವಿಳಂಬವೆಲ್ಲ ಪುಕ್ಕಟೆ.

ಮಾತನ್ನೇ ಬಿಟ್ಟು ಗೆದ್ದವರು ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಫೈಬರ್ ಮೊಸಳೆಯೊಂದನ್ನು ಮಲಗಿಸಿದರು. 2019ರಲ್ಲಿ ಗುಂಡಿಬಿದ್ದ ಇನ್ನೊಂದು ರಸ್ತೆಯಲ್ಲಿ ಗಗನಯಾತ್ರಿಯ ವೇಷದವನನ್ನು ಚಂದ್ರನ ಮೇಲೆ ನಡೆದಂತೆ ನಡೆಸಿದರು. ಎರಡೂ ಕಡೆ ರಿಪೇರಿಯವರು ಓಡಿ ಬಂದರು. ಮೊಸಳೆ ಅರ್ಜಿ ಬರೆದಿರಲಿಲ್ಲ, ಹಿಂಬರಹ ಕೇಳಿರಲಿಲ್ಲ. ಹಾಗಾಗಿ ಅದನ್ನು 'ಪರಿಶೀಲಿಸಲು' ಯಾರಿಗೂ ಆಗಲಿಲ್ಲ.

ನಮ್ಮ ಬೀದಿಗೂ ಒಂದು ಮೊಸಳೆ ತರೋಣವೆಂದು ಹೊರಟಿದ್ದೆ. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಗೇಟಿನಲ್ಲೇ ತಡೆದರು.

'ಬೇಡಿ ಸ್ವಾಮಿ. ಮೊಸಳೆ ಬಂತು ಅಂದರೆ ಫೈಲು ಅರಣ್ಯ ಇಲಾಖೆಗೆ ಹೋಗುತ್ತೆ.'