ಎರೆಯುವ ಅಜ್ಜಿ

ಯಳವತ್ತಿಯ ಯಾವ ಓಣಿಯಲ್ಲಿ ಕೂಸು ಹುಟ್ಟಿದರೂ ತೊಟ್ಟಿಲಿಗಿಂತ ಮೊದಲು ಆ ಮನೆಗೆ ಬರತಕ್ಕವಳು ಎರೆಯುವ ಅಜ್ಜಿ. ಬಚ್ಚಲ ಹಂಡೆಯ ಕೆಳಗೆ ಹೊಗೆಯೆದ್ದುದೇ ಆಕೆಗೆ ಆಮಂತ್ರಣ. ಸೀರೆಯನ್ನು ಮೊಳಕಾಲಿನ ಮೇಲಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕಾಲು ನೀಡಿ ಕುಳಿತು, ಕೂಸನ್ನು ಕಣಕಾಲುಗಳ ಮೇಲೆ ಬೋರಲು ಹಾಕಿಕೊಂಡು, ಮೊಳಕೈಯದ್ದಿ ನೀರಿನ ಬಿಸಿಯನ್ನು ಪರೀಕ್ಷಿಸಿ, ಕಾಸಿದ್ದು ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಮನೆಯವರ ಮೇಲೊಂದು ದೋಷವನ್ನು ಹೊರಿಸಿದ ಹೊರತು ಆಕೆ ತಂಬಿಗೆಗೆ ಕೈಹಾಕುವವಳಲ್ಲ.

ಆಕೆಯ ಶಾಸ್ತ್ರದಲ್ಲಿ ಶಿರಸ್ಸೇ ಪ್ರಧಾನ. ಔಡಲೆಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿ ನೆತ್ತಿಗೆ ಸವರುವಾಗ, ಬ್ರಹ್ಮನು ಅರ್ಧಕ್ಕೆ ಬಿಟ್ಟ ಕಾರ್ಯವನ್ನು ಪೂರೈಸುತ್ತಿರುವ ಗಾಂಭೀರ್ಯವು ಆ ಮುಖದಲ್ಲಿ ನೆಲಸುತ್ತದೆ. ನೆತ್ತಿಯ ಮೇಲೆ ಹಳದಿಯ ಹೊಟ್ಟು ಕಟ್ಟಿತೆಂದರಂತೂ ಆಕೆಗೆ ಹಬ್ಬ. ತಾಯಿಯಿಂದ ಬಂದ ಹಾರ್ಮೋನುಗಳು ಕೂಸಿನ ಜಿಡ್ಡಿನ ಗ್ರಂಥಿಗಳನ್ನು ಕೆರಳಿಸುವುದು ಇದಕ್ಕೆ ಕಾರಣವೆಂದೂ, ಯಾರೇನೂ ಮಾಡದಿದ್ದರೂ ಕೆಲವು ತಿಂಗಳಲ್ಲಿ ತಾನಾಗಿಯೇ ಉದುರುವುದೆಂದೂ ವೈದ್ಯರ ಮತ. ಹೀಗೆ ತಾನೇ ಹೊರಡಲಿರುವ ವ್ಯಾಧಿಯನ್ನು ಓಡಿಸಿದ ಕೀರ್ತಿ ಎಷ್ಟು ಸುಲಭವೆಂಬುದು ಅಜ್ಜಿಗೆ ತಿಳಿಯದೆಂದು ನನಗೇನೂ ತೋರದು.

ಈ ಏಕಾಧಿಪತ್ಯಕ್ಕೆ ವಿಘ್ನವು ಬಂದದ್ದು 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಯ ರೂಪದಲ್ಲಿ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೂ 42 ದಿನಗಳೊಳಗೆ 6 ಸಲ ಬಂದು, ಕೂಸನ್ನು ತೂಗಿ, ಕಿವಿ ಮೂಗುಗಳಿಗೆ ಎಣ್ಣೆ ಬಿಡಬಾರದು, ಪೌಡರು ಬಡಿಯಬಾರದು, ಮೆತ್ತಗಿರುವ ನೆತ್ತಿಯನ್ನು ಒತ್ತಬಾರದು, ಲೋಬಾನದ ಹೊಗೆ ಹಿಡಿಯಬಾರದು ಎಂದು ವಿನಯದಿಂದಲೇ ಹೇಳುವ ಆಕೆ ಬಹುಮಟ್ಟಿಗೆ ಊರಿನ ಸೊಸೆಯೇ ಆಗಿರುತ್ತಾಳೆ. ಅಜ್ಜಿಯ ಬ್ರಹ್ಮಾಸ್ತ್ರವಿರುವುದೂ ಅಲ್ಲಿಯೇ.

“ಹುಟ್ಟಿದಾಗ ನಿನ್ನ ಗಂಡನ ತಲಿ ಸೋರಿಕಾಯಿ ಇದ್ದಂಗ ಇತ್ತವಾ. ದುಂಡಗ ಮಾಡಿದಾಕಿ ನಾನs. ಹೊಗಿ ಬ್ಯಾಡಂದ್ರ ಬಿಡತೀನಿ. ತಲೀನs ಒತ್ತಬ್ಯಾಡಂದ್ರ ಹ್ಯಾಂಗ?”

ಹೆರಿಗೆಯ ಹಾದಿಯಲ್ಲಿ ಉದ್ದವಾದ ತಲೆಯು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತನ್ನಷ್ಟಕ್ಕೆ ದುಂಡಗಾಗುವುದೆಂದು ಆ ಸೊಸೆ ಬಲ್ಲಳು; ಆದರೆ ಗಂಡನ ತಲೆಯ ಚರ್ಚೆಯನ್ನು ಹತ್ತು ಜನರ ಮುಂದೆ ಬೆಳೆಸಲು ಯಾವ ಸೊಸೆಗೆ ತಾನೆ ಮನಸ್ಸಾದೀತು? ತೂಕವನ್ನು ಬರೆದುಕೊಂಡು ಆಕೆ ಮುಂದಿನ ಮನೆಗೆ ನಡೆಯುತ್ತಾಳೆ.

ಮೂಗುಗಳ ವಿಷಯದಲ್ಲಿಯೂ ಅಜ್ಜಿಯ ಲೆಕ್ಕ ಇಷ್ಟೇ ನಿಷ್ಕೃಷ್ಟ. ಊರಿನ ನೀಟಾದ ಮೂಗುಗಳೆಲ್ಲವೂ ಆಕೆ ತೀಡಿದವು. ಚಪ್ಪಟೆ ಮೂಗಿನವನೊಬ್ಬನು ಎದುರಿಗೆ ಹಾದುಹೋದನೆಂದು ಯಾರಾದರೂ ಕಿಡಿಗೇಡಿಗಳು ಬೆರಳು ಮಾಡಿದರೆ, ಆಕೆ ಕ್ಷಣವೂ ತಡವರಿಸುವವಳಲ್ಲ:

“ಅಂವಾ ಹುಟ್ಟಿದಾಗ ನಾ ಊರಾಗ ಎಲ್ಲಿದ್ನೋ ತಮ್ಮಾ? ಮಗಳ ಬಾಣಂತನಕ್ಕಂತ ಲಕ್ಷ್ಮೇಶ್ವರಕ್ಕ ಹೋಗಿದ್ದೆ.”