ಸನ್ನಡತೆಯ ಮುಚ್ಚಳಿಕೆ: ಒಂದು ಮಾದರಿ ಕರಡು

ಕಾರ್ಖಾನೆಗಳಲ್ಲಿ ಶಾಂತಿ ನೆಲೆಸಬೇಕಾದರೆ ಕಾರ್ಮಿಕರೆಲ್ಲ ಒಂದು ಮುಚ್ಚಳಿಕೆ ಬರೆದುಕೊಡಬೇಕು. ಈ ಉಪಾಯ ನನ್ನದಲ್ಲ, ಬಿಡದಿಯದು. 2020ರ ನವೆಂಬರಿನಲ್ಲಿ ಅಲ್ಲಿನ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಒಬ್ಬರನ್ನು ಅಮಾನತು ಮಾಡಿದರು. ಕಾರ್ಮಿಕರು ಒಳಗೇ ಧರಣಿ ಕೂತರು. ಆಡಳಿತ ಮಂಡಳಿ ಲಾಕೌಟ್ ಘೋಷಿಸಿತು. ಸರ್ಕಾರ ನಡುವೆ ಬಂದು ಮುಷ್ಕರವೂ ಬೇಡ, ಲಾಕೌಟೂ ಬೇಡ ಎಂದಿತು. ಸರಿ, ಗೇಟು ತೆಗೆಯಿರಿ ಎಂದವರ ಮುಂದೆ ಕಂಪನಿ ಕಾಗದ ಹಿಡಿಯಿತು: ಸನ್ನಡತೆಯಿಂದ ಇರುತ್ತೇನೆ ಎಂದು ಸಹಿ ಹಾಕಿ, ಆಮೇಲೆ ಒಳಗೆ ಬನ್ನಿ. 3,000ಕ್ಕೂ ಹೆಚ್ಚು ಜನರ ಆ ಜಗಳ ಮಾರ್ಚ್‌ವರೆಗೆ ಎಳೆಯಿತು.

ಬರೀ ಸನ್ನಡತೆ ಎಂದುಬಿಟ್ಟರೆ ಯಂತ್ರದ ಮುಂದೆ ನಿಂತವರಿಗೆ ತಿಳಿಯುವುದು ಹೇಗೆ? ಅದಕ್ಕೇ ದೇಶದ ಎಲ್ಲ ಕಾರ್ಖಾನೆಗಳಿಗೂ ಹೊಂದುವ ಮಾದರಿ ಕರಡೊಂದನ್ನು ಸಿದ್ಧಪಡಿಸಿದ್ದೇನೆ. ಉದ್ಯಮಸ್ನೇಹಿ ಸರ್ಕಾರಗಳು ಇದನ್ನು ಧಾರಾಳವಾಗಿ ಬಳಸಿಕೊಳ್ಳಬಹುದು. ಶುಲ್ಕವಿಲ್ಲ.

ಕಲಂ 1: ಬಂದ ಸಂಬಳವನ್ನು ನಾನು ಎಣಿಸತಕ್ಕದ್ದಲ್ಲ.

ಎಣಿಸಿದರೆ ಏನಾಗುತ್ತದೆಂದು ಕೋಲಾರ ಜಿಲ್ಲೆಯ ನರಸಾಪುರ ನೋಡಿದೆ. 2020ರ ಡಿಸೆಂಬರ್ 12ರಂದು, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಹುಡುಗರು ಸಂಬಳದ ಲೆಕ್ಕ ಕೂಡದೆ ರೇಗಿ ಗಾಜು ಪುಡಿ ಮಾಡಿದರು. ತಪ್ಪೇ. ಪೊಲೀಸರು ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಹಿಡಿದು ತಂದರು. ಕಂಪನಿಯ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ ಎಂದಿತ್ತು. ತೈವಾನಿನ ಷೇರುಪೇಟೆಗೆ ಕಂಪನಿ ಕೊಟ್ಟ ಅಂದಾಜು ನಮ್ಮ ಲೆಕ್ಕದಲ್ಲಿ ಐವತ್ತು ಕೋಟಿಯ ಆಸುಪಾಸಿಗೇ ನಿಂತಿತು. ಠಾಣೆಗೊಂದು ಲೆಕ್ಕ, ಷೇರುದಾರರಿಗೊಂದು ಲೆಕ್ಕ. ಕೊನೆಗೆ ಆಪಲ್ ಕಂಪನಿಯೇ ತನಿಖೆ ನಡೆಸಿ, ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಕೆಲವರ ಸಂಬಳ ತಡವಾಗಿದ್ದು ನಿಜ ಎಂದಿತು. ವಿಸ್ಟ್ರಾನ್ ಕ್ಷಮೆ ಕೇಳಿ ಒಬ್ಬ ಉಪಾಧ್ಯಕ್ಷರನ್ನು ಹುದ್ದೆಯಿಂದ ಇಳಿಸಿತು. ಗಾಜು ಒಡೆದವನ ಕೈಗೆ ಕೋಳ, ಕೂಲಿ ತಡೆದವನ ಕೈಗೆ ಕ್ಷಮಾಪಣೆಯ ಕರಡು. ಅಲ್ಲಿಗೆ ಇಬ್ಬರಿಗೂ ಶಿಕ್ಷೆಯಾಯಿತಲ್ಲ!

ಕಲಂ 2: ನನಗೆ ಬರುವ ಜ್ವರ ನನ್ನೊಬ್ಬನದೇ ಆಗಿರತಕ್ಕದ್ದು.

2025ರ ನವೆಂಬರ್ 21ರಿಂದ 29 ಕಾರ್ಮಿಕ ಕಾನೂನುಗಳು ನಾಲ್ಕು ಸಂಹಿತೆಗಳೊಳಗೆ ಕರಗಿವೆ. ಅವುಗಳಲ್ಲೊಂದರ ಪ್ರಕಾರ ಅರ್ಧಕ್ಕರ್ಧ ಕಾರ್ಮಿಕರು ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಆದ್ದರಿಂದ ನೂರು ಜನರ ಕಾರ್ಖಾನೆಯಲ್ಲಿ ನಲವತ್ತೊಂಬತ್ತು ಜನ ಆಗಲೇ ಊರಜಾತ್ರೆಗೆ ಹೊರಟಿದ್ದರೆ, ಐವತ್ತನೆಯವನು ಯಂತ್ರದ ಬಳಿ ನಿಂತೇ ತೇರಿಗೆ ಕೈಮುಗಿಯುವುದು ಕ್ಷೇಮ.

ಕಲಂ 3: ಮುಷ್ಕರದ ಹಕ್ಕು ನನಗಿದೆ ಎಂದು ಹೆಮ್ಮೆಪಡುತ್ತೇನೆ. ಅದನ್ನು ಬಳಸಿ ಸವೆಸುವುದಿಲ್ಲ.

ಅದೇ ಸಂಹಿತೆಯಂತೆ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸು ಕೊಡಬೇಕು. ನೋಟಿಸು ನೋಡಿ ಅಧಿಕಾರಿಗಳು ರಾಜಿಸಭೆ ಕರೆಯುತ್ತಾರೆ. ಸಭೆ ನಡೆಯುವಷ್ಟು ಕಾಲ, ಮುಗಿದ ಮೇಲೂ ಏಳು ದಿನ, ಮುಷ್ಕರ ಕಾನೂನುಬಾಹಿರ. ಹಕ್ಕಿನ ಬಾಗಿಲು ತೆರೆದೇ ಇದೆ. ಹೊಸಿಲ ಮೇಲೆ ಅಧಿಕಾರಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಅಷ್ಟೆ.

ಕಲಂ 4: ಕೂಗುವುದಿದ್ದರೆ ಫ್ರೀಡಂ ಪಾರ್ಕಿನಲ್ಲೇ ಕೂಗುತ್ತೇನೆ.

2021ರ ಪೊಲೀಸ್ ಆದೇಶದ ನಂತರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಸಿಕ್ಕಿರುವ ಜಾಗ ಅದೊಂದೇ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಚಾಪೆ ಹಾಸಿ ರಾತ್ರಿ ಕಳೆಯುವುದೂ ಅಲ್ಲೇ. ಅದು ಹಿಂದೆ ಸೆಂಟ್ರಲ್ ಜೈಲಾಗಿತ್ತು. ನ್ಯಾಯ ಕೇಳಲು ಬಂದವರಿಗೆ ಜೈಲಿನ ಗೋಡೆ ಮೊದಲೇ ಪರಿಚಯವಾಗಲಿ ಎಂಬ ಸರ್ಕಾರದ ಮುಂದಾಲೋಚನೆಗೆ ತಲೆದೂಗಲೇಬೇಕು.

ಕಲಂ 5: ನನ್ನ ಜಾಮೀನಿನಿಂದ ಹೂಡಿಕೆದಾರರ ಮನಸ್ಸಿಗೆ ನೋವಾಗುವುದಾದರೆ ಒಳಗೇ ಇರುತ್ತೇನೆ.

ಇದು ಹರಿಯಾಣದ ಮಾನೇಸರದಿಂದ ಕಲಿತ ಪಾಠ. 2012ರ ಜುಲೈ 18ರಂದು ಅಲ್ಲಿನ ಮಾರುತಿ ಕಾರ್ಖಾನೆಯಲ್ಲಿ ನಡೆದ ಗಲಭೆ ಮತ್ತು ಬೆಂಕಿಯಲ್ಲಿ ಮಾನವ ಸಂಪನ್ಮೂಲ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಜೀವ ಕಳೆದುಕೊಂಡರು. ಅದು ನಗುವ ವಿಷಯವಲ್ಲ. ಆ ಸಾವಿಗೆ ನ್ಯಾಯ ಸಿಗಬೇಕಿತ್ತು. ಅದಕ್ಕಾಗಿ 148 ಕಾರ್ಮಿಕರನ್ನು ಜೈಲಿಗೆ ಹಾಕಿದರು. 2013ರಲ್ಲಿ ಜಾಮೀನು ನಿರಾಕರಿಸಿದ ಹೈಕೋರ್ಟು, ಕಾರ್ಮಿಕರ ಗಲಾಟೆಗೆ ಹೆದರಿ ವಿದೇಶಿ ಹೂಡಿಕೆದಾರರು ಹಿಂಜರಿಯಬಹುದು ಎಂಬ ಮಾತನ್ನೂ ಸೇರಿಸಿತು. 2017ರ ಮಾರ್ಚಿನಲ್ಲಿ ತೀರ್ಪು ಬಂದಾಗ 31 ಜನ ದೋಷಿಗಳು, 117 ಜನ ನಿರ್ದೋಷಿಗಳು. ಜೀವಾವಧಿ ಶಿಕ್ಷೆಯಾದ 13 ಜನರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಸಂಘದ ಪದಾಧಿಕಾರಿಗಳು. ನಿರ್ದೋಷಿಗಳಲ್ಲಿ ಬಹಳ ಮಂದಿ ಅಷ್ಟರಲ್ಲಿ ವರ್ಷಗಟ್ಟಲೆ ಜೈಲೂಟ ಉಂಡು, ಕೆಲಸ ಕಳೆದುಕೊಂಡಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇವರಿಗೆ ಯಾರೂ ಅಡಿಕೆಯನ್ನೂ ಕೊಡಲಿಲ್ಲ.

ಉದ್ಯಮಿಗೆ ಏಕಗವಾಕ್ಷಿ ಯೋಜನೆ ಉಂಟು: ಜಮೀನು, ನೀರು, ವಿದ್ಯುತ್ ಎಲ್ಲಕ್ಕೂ ಒಂದೇ ಕಿಟಕಿ. ಕಾರ್ಮಿಕನಿಗೂ ಒಂದು ಗವಾಕ್ಷಿ ಕೊಟ್ಟಿದ್ದಾರೆ, ಸರಳುಗಳ ಸಮೇತ.

ಸಂಘ ಕಟ್ಟುವುದು ಒಳಸಂಚಲ್ಲ ಎಂದು 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿ ಬ್ರಿಟಿಷ್ ಸರ್ಕಾರವೇ ಒಪ್ಪಿಕೊಂಡಿತ್ತು. ಆ ಮಾತು ಕಾನೂನಿನ ಪುಸ್ತಕದಲ್ಲಿ ಬೆಚ್ಚಗಿದೆ. ಬೀದಿಯಲ್ಲಿ ಅದು ಜೀವಂತವಾಗಿರಬೇಕಾದರೆ ಕೇಸು ಹಾಕಿಸಿಕೊಂಡವರ ಪಕ್ಕದಲ್ಲಿ ಜನ ನಿಲ್ಲಬೇಕು. ನಮ್ಮ ಕಡೆ ಬೆಂಬಲಕ್ಕೇನೂ ಕೊರತೆಯಿಲ್ಲ. ಮೇ ಒಂದರಂದು ಕೆಂಪು ಹಿನ್ನೆಲೆಯಲ್ಲಿ ಶುಭಾಶಯ ಹಾಕುತ್ತೇವೆ, ಯಾರನ್ನಾದರೂ ಹಿಡಿದೊಯ್ದರೆ ಛೇ ಎಂದು ನಿಟ್ಟುಸಿರು ಬಿಡುತ್ತೇವೆ. ಆದರೆ ನ್ಯಾಯಾಧೀಶರು ಜಾಮೀನಿಗೆ ನಿಟ್ಟುಸಿರನ್ನು ಸ್ವೀಕರಿಸಿದ ಉದಾಹರಣೆ ಇಲ್ಲ. ಅವರು ಕೇಳುವುದು ಶ್ಯೂರಿಟಿ. ವಕೀಲರ ಫೀಸಿಗೆ ಚಂದಾ ಬೇಕು, ವಾಯಿದೆಯ ದಿನ ಕೋರ್ಟಿನ ಕಟ್ಟೆಯ ಮೇಲೆ ಕೂರುವವರು ಬೇಕು, ಒಳಗಿರುವವನ ಮನೆಗೆ ಅಕ್ಕಿ, ಮಕ್ಕಳ ಶಾಲೆಗೆ ಹಣ ಬೇಕು. ನರಸಾಪುರದ ಹುಡುಗರಂಥವರು ಹೊರಬರಬೇಕಾದರೆ, ಯಾರಾದರೊಬ್ಬ ರೈತ ತನ್ನ ಹೊಲವನ್ನು ನಂಬಿಕೆಯ ಮೇಲೆ ಒಡ್ಡಬೇಕು.

ನಿಮ್ಮ ಹೆಸರಿನಲ್ಲಿ ಎರಡೆಕರೆ ಇದ್ದರೆ ಪಹಣಿ ತೆಗೆಸಿಟ್ಟುಕೊಳ್ಳಿ. ಆಧಾರ್ ಜೆರಾಕ್ಸೂ ಕೇಳುತ್ತಾರೆ, ಎರಡು ಪ್ರತಿ ಇರಲಿ.